ಮೂರೂಕಾಲು ಯೂನಿಟ್ಟಿನ ಪಂಚನಾಮೆ

"ಇವತ್ತಿನಿಂದ ಈ ಮನಿಯೊಳಗ ನನಗ ಗೊತ್ತಿಲ್ದ ಒಂದ ಯೂನಿಟ್ ಕರೆಂಟ ಸೈತ ಖರ್ಚ ಆಗಂಗಿಲ್ಲ!"

ಡಿಸೆಂಬರಿನ ಒಂದು ಬೆಳಗ್ಗೆ, ಬಸಿಯಲ್ಲಿ ಉಳಿದಿದ್ದ ಕೊನೆಯ ಗುಟುಕು ಚಹಾ ಹೀರಿ, ನಿವೃತ್ತ ಶಿರಸ್ತೇದಾರ ಅಮರಪ್ಪನವರು ಹೀಗೆ ಘೋಷಿಸಿದರು. ಈ ಐತಿಹಾಸಿಕ ಘೋಷಣೆಗೆ ಸಾಕ್ಷಿಗಳು ಇಬ್ಬರೇ. ಒಬ್ಬರು ಅವರ ಹೆಂಡತಿ ಬಸವಣ್ಣೆಮ್ಮ. ಇನ್ನೊಂದು ಮನೆಯ ಬೆಕ್ಕು. ಇಬ್ಬರೂ ತಲೆ ಎತ್ತಲಿಲ್ಲ.

ಅಮರಪ್ಪನವರು ಕುಷ್ಟಗಿಯ ಸ್ವಂತ ಮನೆಯಿಂದಲೇ ಓಡಾಡುತ್ತ ಮೂವತ್ಮೂರು ವರ್ಷ ಯಲಬುರ್ಗಾದ ತಹಸೀಲ್ ಕಚೇರಿಯಲ್ಲಿ ಕಡತಗಳ ಧೂಳು ಕುಡಿದು, ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಕಚೇರಿ ಅವರನ್ನು ಬಿಟ್ಟುಕೊಟ್ಟಿತ್ತು. ಅವರು ಕಚೇರಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಮನೆಯ ಮುಂದಿನ ಖೋಲಿಗೆ 'ಆಫೀಸು' ಎಂದೇ ಹೆಸರು. ಅಲ್ಲಿ ಹಾಲಿನವನದೊಂದು ಫೈಲು, ನಳದ ನೀರಿನದೊಂದು ಫೈಲು, ಅಳಿಯನ ನಡತೆಯದೊಂದು ಫೈಲು, ಎಲ್ಲಕ್ಕೂ ಕೆಂಪು ದಾರ. ಹೆಂಡತಿ ಬಾಯಿಬಿಟ್ಟು ಏನೇ ಕೇಳಿದರೂ ಅದು ಅರ್ಜಿ. ಅರ್ಜಿ ಎಂದ ಮೇಲೆ ಅದಕ್ಕೊಂದು ಗತಿ ಇರಬೇಕಲ್ಲ? ಬಸವಣ್ಣೆಮ್ಮ ವಾಷಿಂಗ್ ಮಷೀನು ಕೇಳಲು ಶುರುಮಾಡಿ ಒಂಬತ್ತು ಯುಗಾದಿ ಕಳೆದಿದ್ದವು. ಅಮರಪ್ಪನವರ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಹಾಸಿಗೆ ಚಾದರಗಳನ್ನು ಕಲ್ಲಿಗೆ ಕುಕ್ಕಿ ಕುಕ್ಕಿ ಆಕೆಯ ಬಲಭುಜ ಈಗ ತಲೆ ಬಾಚಿಕೊಳ್ಳಲೂ ಮೇಲೇಳುತ್ತಿರಲಿಲ್ಲ. ಒಂಬತ್ತು ಸಲವೂ ಬಂದ ಉತ್ತರ ಒಂದೇ: "ಪರಿಶೀಲನೆಯೊಳಗ ಐತಿ."

ಈ ಸಲ ಘೋಷಣೆಗೆ ಕಾರಣವಾದದ್ದು ಕರೆಂಟಿನ ಬಿಲ್ಲು. ತಿಂಗಳಿಗೆ ಇನ್ನೂರು ಯೂನಿಟ್ಟಿನ ಸರ್ಕಾರಿ ಗೆರೆಯೊಳಗಿದ್ದಷ್ಟು ದಿನ ಮನೆಗೆ ಸೊನ್ನೆ ಬಿಲ್ಲು ಬರುತ್ತಿತ್ತು. ಅದನ್ನು ಅಮರಪ್ಪನವರು ಪ್ರಶಸ್ತಿಪತ್ರದಂತೆ ಫೈಲಿಗೆ ಸೇರಿಸುತ್ತಿದ್ದರು. ನವೆಂಬರಿನಲ್ಲಿ ಮೀಟರು ಇನ್ನೂರ ಹದಿನಾರು ತೋರಿಸಿಬಿಟ್ಟಿತು. ಸೊನ್ನೆ ಹೋಯಿತು, ಮಾನ ಹೋಯಿತು!

"ಎಲ್ಲಾ ನಿನ್ನ ಅಡಗಿಮನಿ ನುಂಗಾಕತ್ತೈತಿ," ಎಂದರು ಅಮರಪ್ಪನವರು. "ಫ್ರಿಜ್ಜು, ಮಿಕ್ಸಿ, ಗ್ರೈಂಡರು. ಇದರ ಮ್ಯಾಲೆ ವಾಷಿಂಗ್ ಮಷೀನ ಬ್ಯಾರೆ ಬೇಕಂತ!"

"ನಿಮ್ಮ ಟೀವಿ, ನಿಮ್ಮ ಆಫೀಸು ಗಾಳಿ ಕುಡದ ಬದುಕತಾವೇನ್ರಿ?"

"ಸಾಬೀತ ಮಾಡಿ ತೋರಸ್ತೀನಿ."

"ಮಾಡ್ರಿ. ನನ್ನ ಸಾಮಾನು ಹೆಚ್ಚ ತಿಂದ್ರ ಮಷೀನಿನ ಮಾತ ನಾ ಎತ್ತಂಗಿಲ್ಲ. ನಿಮ್ಮವು ತಿಂದ್ರ, ಮಷೀನ ಬರೂತನಕ ಅರಿವಿ ನೀವ ಒಗೀಬೇಕು."

ಅಮರಪ್ಪನವರಿಗೆ ಬಾಯಿಮಾತಿನ ಮೇಲೆ ನಂಬಿಕೆಯಿಲ್ಲ. ಕೂಡಲೇ ಒಂದು ಹಳೆಯ ಛಾಪಾಕಾಗದ ಹುಡುಕಿ ಕರಾರುಪತ್ರ ಬರೆದರು. ಹೆಂಡತಿ ಹೇಳಿದ್ದೆಲ್ಲ ಬರೆದು, ಕೊನೆಗೆ ತಮ್ಮ ಬುದ್ಧಿಯಿಂದ ಒಂದು ಕಲಂ ಸೇರಿಸಿದರು: 'ಮಷೀನನ್ನು ಕೊಳ್ಳಬೇಕೇ, ಕೊಳ್ಳುವುದಾದರೆ ಯಾವಾಗ ಎಂಬ ತೀರ್ಮಾನವು ಗೆದ್ದ ಪಕ್ಷಕಾರರಿಗೆ ಮಾತ್ರ ಸೇರಿದ್ದು. ಸೋತ ಪಕ್ಷಕಾರರು ಈ ಬಗ್ಗೆ ಯಾವ ತಕರಾರನ್ನೂ ಮಾಡತಕ್ಕದ್ದಲ್ಲ.' ಈ ಒಂದು ಕಲಮಿನಿಂದ ವಾಷಿಂಗ್ ಮಷೀನಿನ ಪೀಡೆ ಜನ್ಮಕ್ಕೆ ತೊಲಗಿತು ಎಂದು ಅವರು ಒಳಗೊಳಗೇ ಮೀಸೆ ತಿರುವಿದರು. ಬಸವಣ್ಣೆಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಮಾಡಿದರು. ಪೆನ್ನು ತಿರುಗಿ ಕೊಡುವಾಗ ಒಂದು ಮಾತು ಹೇಳಿದರು.

"ಬೆಕ್ಕ ಒಲಿ ಬಿಟ್ಟು ನಿಮ್ಮ ಆಫೀಸ ಸೇರಿ ಭಾಳ ದಿನ ಆತು. ಮೊದಲ ಅದನ್ನ ಕೇಳ್ರಿ, ಯಾಕಂತ."

"ಬೆಕ್ಕಿನ ಸಾಕ್ಷಿ ಯಾವ ಕಾಯ್ದೆದಾಗ ಐತಿ?" ಎಂದು ಅಮರಪ್ಪನವರು ನಕ್ಕುಬಿಟ್ಟರು. ಬೆಕ್ಕು ಮಾತ್ರ ಎಂದಿನಂತೆ ಆಫೀಸಿಗೆ ಹೋಗಿ ಇನ್ವರ್ಟರಿನ ಮೇಲೆ ಮುದುಡಿ ಮಲಗಿತು.

ಆ ಇನ್ವರ್ಟರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಿವೃತ್ತಿಯ ದಿನ ಕಚೇರಿಯವರೆಲ್ಲ ಸೇರಿ ಕೊಟ್ಟ ಕಾಣಿಕೆ ಅದು. ಹೊಟ್ಟೆಯ ಮೇಲೆ ಅಮರಪ್ಪನವರ ಹೆಸರು, ಹುದ್ದೆ, ಸೇವಾವಧಿ. ಕರೆಂಟು ಹೋದಾಗ ಅದನ್ನು ಬಳಸಿದರೆ ಬ್ಯಾಟರಿ ಸವೆದೀತು ಎಂದು ಬಳಸುತ್ತಿರಲಿಲ್ಲ. ಮುಂದಿನ ಸ್ವಿಚ್ಚು ಸದಾ ಆರಿಯೇ ಇರುತ್ತಿತ್ತು. ಕತ್ತಲಾದರೆ ಮೇಣದಬತ್ತಿ. ಆದರೆ ಸೇವೆಗೆ ಕೊರತೆಯಿಲ್ಲ. ಹಿಂದಿನ ವೈರು ಗೋಡೆಯ ಪ್ಲಗ್ಗಿನಲ್ಲಿ ಹಗಲಿರುಳು ಚಾರ್ಜ್ ಆಗುತ್ತಿತ್ತು. ಪ್ರತಿ ಸೋಮವಾರ ಮಡಿಯುಟ್ಟು ಬ್ಯಾಟರಿಯ ಆರು ಬಾಯಿಗೂ ಡಿಸ್ಟಿಲ್ಡ್ ನೀರಿನ ಅಭಿಷೇಕ. ಇತ್ತೀಚೆಗೆ ಅದು ವಾರಕ್ಕೆರಡು ಬಾಟಲಿ ಕುಡಿಯುತ್ತಿತ್ತು. "ಭಕ್ತಿ ಸ್ವೀಕಾರ ಆಗಾಕತ್ತೈತಿ," ಎನ್ನುತ್ತಿದ್ದರು.

ಗಂಗಾವತಿಯ ಅಳಿಯ ಸಿದ್ದೇಶ ಆರು ಸ್ಮಾರ್ಟ್ ಪ್ಲಗ್ಗು ತರಿಸಿಕೊಂಡು ಭಾನುವಾರ ಬಂದ. ಗೋಡೆಯ ಪ್ಲಗ್ಗಿಗೂ ಸಾಮಾನಿಗೂ ನಡುವೆ ಕೂತು, ಎಷ್ಟು ಕರೆಂಟು ಹಾದುಹೋಯಿತೆಂದು ಫೋನಿಗೆ ವರದಿ ಒಪ್ಪಿಸುವ ಬಿಳಿಯ ಡಬ್ಬಿಗಳು. ದೂರದಿಂದಲೇ ಆರಿಸಲೂಬಹುದು. ಫ್ರಿಜ್ಜಿಗೊಂದು, ಮಿಕ್ಸಿಗೊಂದು, ಗ್ರೈಂಡರಿಗೊಂದು, ಇಸ್ತ್ರಿ ಪೆಟ್ಟಿಗೆಗೊಂದು, ಟೀವಿಗೊಂದು ಹಾಕಿಯಾಯಿತು. ಒಂದು ಉಳಿಯಿತು.

"ಮಾವಾರ, ಇದನ್ನ ಇನ್ವರ್ಟರಿಗೆ ಹಾಕೋಣೇನ್ರಿ?"

ಅಮರಪ್ಪನವರು ಅಳಿಯನನ್ನು ಕರುಣೆಯಿಂದ ನೋಡಿದರು. "ಸಿದ್ದೇಶಪ್ಪಾ, ಇನ್ವರ್ಟರ್ ಕರೆಂಟ ಕೊಡೂ ವಸ್ತು. ತಿನ್ನೂ ವಸ್ತು ಅಲ್ಲ. ಅದೂ ಅಲ್ದ ತಪಾಸಣಿ ಮಾಡೂ ಸಾಹೇಬ್ರ ಟೇಬಲ್ ಯಾರರ ತಪಾಸಣಿ ಮಾಡ್ತಾರ?"

ಆರನೆಯ ಪ್ಲಗ್ಗು ಬಸವಣ್ಣೆಮ್ಮನವರ ಮೊಬೈಲ್ ಚಾರ್ಜರಿಗೆ ಬಿತ್ತು.

ಮರುದಿನದಿಂದ ಮನೆಯಲ್ಲಿ ಹೊಸ ಆಡಳಿತ. ಅಮರಪ್ಪನವರ ಫೋನು ಟಿಂಗ್ ಎಂದರೆ ಅಡುಗೆಮನೆಗೆ ಟಪಾಲು. ಮೊದಲ ನೋಟಿಸು ಹೀಗಿತ್ತು: 'ಈ ದಿನ ಬೆಳಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಮಿಕ್ಸಿಯು ಸತತ ನಾಲ್ಕು ನಿಮಿಷ ಚಾಲನೆಯಲ್ಲಿದ್ದುದು ಕಂಡುಬಂದಿರುತ್ತದೆ. ಏಕೆ ಎಂಬ ಬಗ್ಗೆ ಇಪ್ಪತ್ನಾಲ್ಕು ತಾಸಿನೊಳಗೆ ಲಿಖಿತ ಸಮಜಾಯಿಷಿ ಸಲ್ಲಿಸುವುದು.'

ಇಪ್ಪತ್ನಾಲ್ಕು ತಾಸು ಬೇಕಾಗಲಿಲ್ಲ. ಅದೇ ಕಾಗದದ ಹಿಂದೆ ದುಂಡಗಿನ ಅಕ್ಷರಗಳಲ್ಲಿ ಉತ್ತರ ಬಂತು: 'ಶೇಂಗಾ ಚಟ್ನಿ. ಮೂರು ಚಮಚ ನೀವೇ ತಿಂದಿದ್ದೀರಿ. ನಾಲ್ಕನೆಯದು ಕೇಳಿದ್ದೂ ನೀವೇ.'

ಅಮರಪ್ಪನವರು ಅದನ್ನು ಫೈಲಿಗೆ ಸೇರಿಸಿ, 'ಸಮಜಾಯಿಷಿ ತೃಪ್ತಿಕರವಾಗಿಲ್ಲ' ಎಂದು ಶರಾ ಬರೆದರು. ಊಟಕ್ಕೆ ಕೂತಾಗ ತಾಟಿನಲ್ಲಿ ಚಟ್ನಿಯ ಜಾಗ ಖಾಲಿಯಿತ್ತು. ಶರಾ ಹಿಂದೆ ಪಡೆದರು.

ಹುಣ್ಣಿಮೆ ಬಂತು. ಬಸವಣ್ಣೆಮ್ಮ ಬೆಳಗ್ಗೆ ಮೊದಲ ಬಸ್ಸಿಗೆ ಹುಲಿಗೆಮ್ಮನ ದರ್ಶನಕ್ಕೆ ಹೋದರು. ಅಮರಪ್ಪನವರು ಮನೆಗೆ ಕೀಲಿ ಹಾಕಿ, ಕೊಪ್ಪಳದಲ್ಲಿ ಪಿಂಚಣಿದಾರರ ಸಭೆಯಿದೆಯೆಂದು ಬಸ್ಸು ಹತ್ತಿದರು. ದಾರಿಯಲ್ಲಿ ಫೋನು ಟಿಂಗ್ ಎಂದಿತು. ತೆಗೆದು ನೋಡಿದರೆ, 'ಫ್ರಿಜ್ ಚಾಲನೆಯಲ್ಲಿದೆ'!

ಅಮರಪ್ಪನವರ ರಕ್ತ ಕುದಿಯಿತು. ಸಿಬ್ಬಂದಿಯೆಲ್ಲ ರಜೆಯ ಮೇಲೆ, ಕಚೇರಿಗೆ ಬೀಗ, ಒಳಗೆ ಒಬ್ಬ ಮಾತ್ರ ಯಾರ ಅಪ್ಪಣೆಯಿಂದ ಕೆಲಸ ಮಾಡುತ್ತಿದ್ದಾನೆ? ಒಂದೇ ಬೆರಳಿನಿಂದ ಫ್ರಿಜ್ಜನ್ನು ಅಮಾನತಿನಲ್ಲಿಟ್ಟರು. ಪಕ್ಕದ ಸೀಟಿನವನಿಗೆ, "ಕುಂತಲ್ಲೇ ಆಡಳಿತ ನೋಡ್ರಿ!" ಎಂದು ಫೋನು ತೋರಿಸಿದರು. ಅವನು ಹುಣಸೆಹಣ್ಣಿನ ಚೀಲ ತೊಡೆಯ ಮೇಲೆ ಸರಿಪಡಿಸಿಕೊಂಡು, "ಛಲೋ ಆತ್ರಿ," ಎಂದ.

ಸಂಜೆ ಇಬ್ಬರೂ ಮನೆಗೆ ಬಂದು ಕೀಲಿ ತೆಗೆಯುವಷ್ಟರಲ್ಲಿ ಪಕ್ಕದ ಮನೆಯ ನಸೀಮಾಬಿ ಪಾತ್ರೆ ಹಿಡಿದು ನಿಂತಿದ್ದರು. "ಬಸವಕ್ಕಾ, ನಿನ್ನೆ ಇಟ್ಟ ಹಾಲ ಕೊಡ್ರಿ. ನಾಳೆ ಮೊಮ್ಮಗಳು ಉಜ್ಮಾನ ಹುಟ್ಟಿದ ದಿನ, ಖೀರ ಮಾಡೂದೈತಿ."

ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗಿನಿಂದ ಬೆಚ್ಚನೆಯ ಗಾಳಿ. ಐದು ಲೀಟರ್ ಹಾಲು ಯಾವ ಆದೇಶವೂ ಇಲ್ಲದೆ ಮೊಸರಾಗಿ ಬಡ್ತಿ ಪಡೆದಿತ್ತು. ಎದುರು ಮನೆಯ ಔಷಧಿ ಅಂಗಡಿ ಗವಿಸಿದ್ದೇಶನ ಹೆಂಡತಿ ಇಟ್ಟಿದ್ದ ದೋಸೆ ಹಿಟ್ಟು ಡಬ್ಬಿಯ ಮುಚ್ಚಳ ಎತ್ತಿ ಹೊರಗೆ ಇಣುಕಿ, ಕೆಳಗಿನ ಕೊತ್ತಂಬರಿಯ ಮೇಲೆ ಇಳಿಯುತ್ತಿತ್ತು. ಆ ಓಣಿಯಲ್ಲಿ ದೊಡ್ಡ ಫ್ರಿಜ್ಜಿರುವುದು ಇದೊಂದೇ ಮನೆ. ಹೆಂಗಸರೆಲ್ಲ ಕೇಳದೆಯೇ ಬಂದು ಇಡುತ್ತಾರೆ, ಕೇಳದೆಯೇ ಒಯ್ಯುತ್ತಾರೆ. ಇದು ಅಮರಪ್ಪನವರ ಯಾವ ಫೈಲಿನಲ್ಲೂ ದಾಖಲಾಗಿರಲಿಲ್ಲ.

"ಯಾರ ಬಂದ ಮಾಡಿದ್ದು?" ಬಸವಣ್ಣೆಮ್ಮ ಕೇಳಿದರು.

"ಮನಿಯಾಗ ಯಾರೂ ಇರಲಿಲ್ಲಲ್ಲ... ಸುಮ್ನ ಓಡಾಕತ್ತಿತ್ತು..."

"ನೀವು ಮಲಗಿದಾಗ ನಿಮ್ಮ ಉಸಿರು ಸೈತ ಸುಮ್ನ ಓಡತಿರತೈತಿ. ನಾ ಬಂದ ಮಾಡೇನೇನು?"

ನಸೀಮಾಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಇರಲಿ ಬಿಡ್ರಿ ಅಕ್ಕಾ, ಸಾಹೇಬ್ರಿಗೆ ಗೊತ್ತಾಗಿಲ್ಲ," ಎಂದರು. ಗೊತ್ತಾಗಿಲ್ಲ! ಮೂವತ್ಮೂರು ವರ್ಷದ ಸೇವೆಯಲ್ಲಿ ಯಾವ ಮೇಲಧಿಕಾರಿಯೂ ಆಡದ ಮಾತು. ಅಮರಪ್ಪನವರು ಊರ ತುದಿಯ ಎಮ್ಮೆ ಕೊಟ್ಟಿಗೆಯವರೆಗೆ ನಡೆದು ಐದು ಲೀಟರ್ ಹಾಲು ಹೊತ್ತು ತಂದರು.

ಆದರೆ ಹಿಡಿದ ಕಡತ ಬಿಡುವ ಜಾಯಮಾನ ಅವರದಲ್ಲ. ಫ್ರಿಜ್ಜು ದಿನವಿಡೀ ಸತ್ತು ಬಿದ್ದಿದ್ದರೂ ಮೀಟರು ಓಡುತ್ತಲೇ ಇತ್ತೆಂಬುದು ಅವರ ಕಣ್ಣಿಗೆ ಬಿದ್ದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿಯಿರುವ ಇಲಿಯಾಸನನ್ನು ಕರೆಸಿದರು. ಅವನು ಮೀಟರ್ ಬೋರ್ಡಿನ ದಪ್ಪ ವೈರಿಗೆ ಒಂದು ಬಳೆಯಂಥದನ್ನು ತೊಡಿಸಿ, ಇಡೀ ಮನೆಯ ಕರೆಂಟನ್ನು ಒಟ್ಟಿಗೆ ಅಳೆಯುವ ಮಾಪಕ ಕೂರಿಸಿದ. ಒಂದು ವಾರ ಕಳೆಯಿತು. ಇಡೀ ಮನೆಯದು ದಿನಕ್ಕೆ ಏಳು ಯೂನಿಟ್ಟಿನ ಮೇಲೆ. ಪ್ಲಗ್ಗುಗಳು ಹೇಳಿದ್ದು, ಬಲ್ಬು ಫ್ಯಾನುಗಳದ್ದು, ಎಲ್ಲ ಕೂಡಿಸಿದರೂ ನಾಲ್ಕು ತುಂಬುವುದಿಲ್ಲ. ದಿನಕ್ಕೆ ಮೂರೂಕಾಲು ಯೂನಿಟ್ಟಿಗೆ ಲೆಕ್ಕವೇ ಇಲ್ಲ!

ಬೇರೆ ಯಾರಾದರೂ ಆಗಿದ್ದರೆ ಎಲ್ಲೋ ಏನೋ ಅಳೆಯುವುದು ಬಿಟ್ಟುಹೋಗಿದೆ ಎಂದುಕೊಳ್ಳುತ್ತಿದ್ದರು. ಶಿರಸ್ತೇದಾರರ ನಿಘಂಟಿನಲ್ಲಿ ಕೊರತೆ ಎಂದರೆ ಕಳವು.

ಕಳ್ಳನೂ ಕೂಡಲೇ ಹೊಳೆದ. ಎರಡು ವರ್ಷದ ಹಿಂದೆ ನಸೀಮಾಬಿಯ ಗಂಡ ಶಫೀಸಾಬರ ಮನೆಯ ಫೇಸು ಹೋದಾಗ, ಓಣಿಯ ಪದ್ಧತಿಯಂತೆ ಇವರ ಮನೆಯಿಂದ ಗೋಡೆಯ ಮೇಲೆ ಒಂದು ವೈರು ಎಸೆದು ಕರೆಂಟು ಕೊಟ್ಟಿದ್ದರು. ಆ ಕೆಂಪು ವೈರು ಇನ್ನೂ ಗೋಡೆ ದಾಟಿ ಅತ್ತ ಹೋಗುತ್ತಲೇ ಇದೆ!

"ನಸೀಮಾಬಿ ಮನಿಮ್ಯಾಲೆ ಕಳವು ಹೊರಸ್ತೀರಿ?" ಬಸವಣ್ಣೆಮ್ಮನವರ ದನಿ ತಣ್ಣಗಾಯಿತು. ಆ ದನಿ ತಣ್ಣಗಾದರೆ ಮನೆಯಲ್ಲಿ ಬೆಕ್ಕೂ ಜಾಗ ಬಿಡುತ್ತದೆ. "ನಾ ಬಾಣಂತಿ ಆಗಿದ್ದಾಗ ನಿಮ್ಮ ಅರಿವಿ ಒಗದಾಕಿ ಆಕಿ."

"ನಾ ಯಾರ ಹೆಸರೂ ತಗೊಂಡಿಲ್ಲ. ಪಂಚನಾಮೆ ಮಾಡೂದು. ಪಂಚರ ಮುಂದ ಏನ ಬರತೈತೋ ಅದು ಸತ್ಯ."

"ಮಾಡ್ರಿ. ಆದ್ರ ಏನ ಬರತೈತೋ ಅದಕ್ಕ ಸಹಿ ಹಾಕಬೇಕು."

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಕುರ್ಚಿಗಳು ಬಿದ್ದವು. ಪಂಚರು ಶಫೀಸಾಬರು, ನಸೀಮಾಬಿ, ಗವಿಸಿದ್ದೇಶ. ತಮ್ಮ ಮನೆಯ ಮೇಲೇ ಅನುಮಾನವೆಂದು ಗೊತ್ತಿಲ್ಲದ ಶಫೀಸಾಬರು ಹೊಸ ಟೋಪಿ ಹಾಕಿಕೊಂಡು, ಮದುವೆಗೆ ಬಂದವರಂತೆ ಮುಂದಿನ ಕುರ್ಚಿಯಲ್ಲೇ ಕೂತರು. ಅಮರಪ್ಪನವರು ಹೇಳುತ್ತ ಹೋದರು, ಗವಿಸಿದ್ದೇಶ ಬರೆಯುತ್ತ ಹೋದ: 'ಸದರಿ ಮನೆಯಲ್ಲಿ ಪ್ರತಿದಿನ ಮೂರೂಕಾಲು ಯೂನಿಟ್ ವಿದ್ಯುಚ್ಛಕ್ತಿಯನ್ನು ಕಬಳಿಸುತ್ತಿರುವ ಆರೋಪಿತನ ಹೆಸರು...'

"ಹೆಸರಿನ ಜಾಗ ಖಾಲಿ ಬಿಡು. ಕಡೀಕ ತುಂಬೋಣು," ಎಂದರು, ಗೋಡೆಯ ಕಡೆ ಕಣ್ಣು ಹಾಯಿಸಿ. "ಇಲಿಯಾಸಾ, ಮೊದಲ ಆ ಕೆಂಪ ವೈರ್ ಹಿಡಿ. ಎಲ್ಲಿಗೆ ಹೊಕ್ಕೈತಿ ನೋಡು."

ಇಲಿಯಾಸ ವೈರಿನ ಈ ತುದಿ ಹುಡುಕಿದ. ಅದು ಬೋರ್ಡಿಗೆ ಸೇರಿರಲಿಲ್ಲ. ಗೋಡೆಯ ಮೊಳೆಗೆ ಗಂಟು ಹಾಕಿತ್ತು. ಆ ತುದಿ ನೋಡಲು ಗೋಡೆ ಹತ್ತಿದವನು ಅಲ್ಲೇ ಕೂತು ನಗತೊಡಗಿದ.

"ಕಾಕಾರ, ಈ ವೈರಿನ ಮ್ಯಾಲೆ ಎರಡ ಲುಂಗಿ, ಒಂದ ಚಾದರ, ಉಜ್ಮಾನ ನಾಕ ಫ್ರಾಕ್ ಅದಾವ್ರಿ!"

"ಹೌದ್ರಿ," ನಸೀಮಾಬಿ ಗಾಬರಿಯಾದರು. "ಅವತ್ತ ಫೇಸ್ ಬಂದ ಮ್ಯಾಲೆ ಸಾಹೇಬ್ರ ಬಿಚ್ಚಿ ಕೊಟ್ಟು, 'ಅರಿವಿ ಹರವಾಕರ ಇರಲಿ' ಅಂದಿದ್ರಲ್ರಿ. ಯಾಕ್ರಿ, ವಾಪಸ್ ಬೇಕೇನ್ರಿ?"

ಶಫೀಸಾಬರಿಗೆ ಈಗ ತಿಳಿಯಿತು. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅಮರಪ್ಪನವರಿಗೆ ಅವರು ಏನಾದರೂ ಅಂದಿದ್ದರೇ ಚೆನ್ನಾಗಿತ್ತು ಎನಿಸಿತು.

"ತನಿಖಿ ಅಂದ ಮ್ಯಾಲೆ ಎಲ್ಲಾ ನೋಡಬೇಕಾಗತೈತಿ..." ಎಂದು ಗೊಣಗಿ, "ಇಲಿಯಾಸಾ, ಇನ್ನ ಮನಿಯೊಳಗಿನ ಸ್ವಿಚ್ ಒಂದೊಂದ ಇಳಿಸು. ಅಡಗಿಮನಿಯಿಂದ ಶುರು ಮಾಡು," ಎಂದರು. ಪೂರ್ತಿ ಸೋಲುವ ಮೊದಲು ಅಡುಗೆಮನೆಯನ್ನಾದರೂ ಸೋಲಿಸಬೇಕಲ್ಲ!

ಅಡುಗೆಮನೆ ಇಳಿಯಿತು. ಮಲಗುವ ಖೋಲಿ ಇಳಿಯಿತು. ನಡುಮನೆ, ಬಚ್ಚಲು, ಹಿತ್ತಲು ಎಲ್ಲ ಇಳಿದವು. ಬಲ್ಬುಗಳು ಆರಿದವು, ಫ್ಯಾನುಗಳು ನಿಂತವು, ಫ್ರಿಜ್ಜು ಗುಡುಗಿ ಸುಮ್ಮನಾಯಿತು. ಮಾಪಕದಲ್ಲಿ ಮಾತ್ರ ಒಂದು ಅಂಕಿ ಕದಲದೆ ನಿಂತಿತ್ತು: ನೂರಾ ಮೂವತ್ತೈದು ವ್ಯಾಟ್.

"ಹಗಲೂ ರಾತ್ರಿ ಇಷ್ಟ ತಿಂದ್ರ ದಿನಕ್ಕ ಮೂರೂಕಾಲು ಯೂನಿಟ್ಟ ಬರೋಬ್ಬರಿ ಆಗತೈತ್ರಿ ಕಾಕಾರ," ಎಂದ ಇಲಿಯಾಸ. "ಉಳದದ್ದು ಒಂದ ಸ್ವಿಚ್ಚು. ಆಫೀಸಿಂದು."

"ಅದು ಬ್ಯಾಡ! ಅದರಾಗ ಏನೂ ಇಲ್ಲ. ಬರೇ ಇನ್ವರ್ಟರ್..."

ಆ ಕ್ಷಣದಲ್ಲಿ ಅಂಗಳದಲ್ಲಿದ್ದವರೆಲ್ಲರೂ ತೆರೆದ ಬಾಗಿಲಿನಿಂದ ಆಫೀಸಿನೊಳಗೆ ನೋಡಿದರು. ಇನ್ವರ್ಟರಿನ ಮೇಲೆ, ಅಮರಪ್ಪನವರ ಸೇವಾವಧಿಯ ಮೇಲೆಯೇ, ಬೆಕ್ಕು ನಾಲ್ಕೂ ಕಾಲು ಚಾಚಿ ಪರಮಸುಖದಲ್ಲಿ ಮಲಗಿತ್ತು.

ಇಲಿಯಾಸ ಸ್ವಿಚ್ಚು ಇಳಿಸಿದ. ನೂರಾ ಮೂವತ್ತೈದು ಸೊನ್ನೆಯಾಯಿತು.

ಒಳಗೆ ಹೋಗಿ ಬ್ಯಾಟರಿ ಮುಟ್ಟಿ ಕೈ ಝಾಡಿಸಿಕೊಂಡು ಬಂದ. "ಒಳಗ ರೊಟ್ಟಿ ಬೇಯಸಬಹುದ್ರಿ. ಬ್ಯಾಟರಿ ಸತ್ತು ಎರಡ ವರ್ಷರ ಆಗಿರಬೇಕು. ಸತ್ತ ಬ್ಯಾಟರಿಗೆ ಎಷ್ಟ ಕರೆಂಟ ಕುಡಿಸಿದ್ರೂ ತುಂಬಂಗಿಲ್ಲ, ಬರೇ ಬಿಸಿ ಆಗತೈತಿ. ನೀವು ಹಾಕೂ ನೀರೂ ಅದರಾಗ ಆವಿ ಆಗೇತಿ."

ಶಫೀಸಾಬರು ಟೋಪಿಯನ್ನು ಮೆಲ್ಲಗೆ ತಲೆಗೇರಿಸಿಕೊಂಡರು. "ಸಾಹೇಬ್ರ, ಸತ್ತವರ ಹೆಸರಿನಾಗ ಎರಡ ವರ್ಷ ಪಿಂಚಣಿ ನಡೆದಂಗ ಆತಲ್ರಿ! ತಾಲ್ಲೂಕು ಕಚೇರಿಯಾಗ ಇಂಥಾವ್ನ ನೀವ ಹಿಡೀತಿದ್ರಿ."

ಗವಿಸಿದ್ದೇಶ ಪೆನ್ನು ಎತ್ತಿ ಹಿಡಿದು ಬಹಳ ವಿನಯದಿಂದ ಕೇಳಿದ: "ಆರೋಪಿತನ ಹೆಸರಿನ ಜಾಗ ಖಾಲಿ ಐತ್ರಿ. ಏನಂತ ಬರೀಲಿ?"

"ಅದರ ಹೊಟ್ಟಿಮ್ಯಾಲೆ ಬರದೈತಿ ನೋಡಪಾ," ಎಂದರು ಬಸವಣ್ಣೆಮ್ಮ. "ಹೆಸರು, ಹುದ್ದೆ ಎಲ್ಲಾ. ಹಂಗ ಇಳಿಸ್ಕೊ."

ಇಳಿಸಿಕೊಂಡ. ಪಂಚರು ಸಹಿ ಮಾಡಿದರು. ಕೊನೆಗೆ ಅಮರಪ್ಪನವರೂ ಮಾಡಿದರು, ಬೇರೆ ದಾರಿಯಿರಲಿಲ್ಲ. ಸಹಿ ಮಾಡಿದ ಮೇಲೆ ಶಫೀಸಾಬರ ಕಡೆ ತಿರುಗಿ, ಮೂವತ್ಮೂರು ವರ್ಷದಲ್ಲಿ ಯಾವ ಕಾಗದದಲ್ಲೂ ಬರೆಯದ ಒಂದು ಮಾತು ಹೇಳಿದರು: "ನಂದು ತಪ್ಪಾತ್ರಿ." ಶಫೀಸಾಬರು, "ಚಹಾ ಆಗ್ಲಿ ಮೊದಲ," ಎಂದರು.

ಬೆಕ್ಕು ಮಾತ್ರ ಕ್ಷಮಿಸಲಿಲ್ಲ. ಹಾಸಿಗೆ ತಣ್ಣಗಾದುದಕ್ಕೆ ಎದ್ದು, ಶಿರಸ್ತೇದಾರರನ್ನು ಒಮ್ಮೆ ದಿಟ್ಟಿಸಿ, ಬಾಲ ನಿಗುರಿಸಿ ಒಲೆಯ ಕಡೆ ಹೊರಟುಹೋಯಿತು.

ಸೋಮವಾರ ಬೆಳಗ್ಗೆ ಕುಷ್ಟಗಿಯ ಆ ಓಣಿ ಒಂದು ದೃಶ್ಯ ನೋಡಿತು. ಅಭಿಷೇಕದ ಹೊತ್ತಿಗೆ ಅಭಿಷೇಕದ ಭಕ್ತರು ಹಿತ್ತಲಿನ ಕಲ್ಲಿನ ಮುಂದೆ, ಧೋತರ ಮೊಣಕಾಲಿಗೆ ಎತ್ತಿಕಟ್ಟಿ, ಚಾದರ ಕುಕ್ಕುತ್ತಿದ್ದರು. ಬಿಳಿ ಬಟ್ಟೆಯಷ್ಟು ಕೊಳೆಯಾಗುವ ವಸ್ತು ಲೋಕದಲ್ಲಿ ಬೇರೊಂದಿಲ್ಲ ಎಂಬ ಸತ್ಯ ಮೊದಲ ದಿನವೇ ತಿಳಿಯಿತು. ನಸೀಮಾಬಿ ಗೋಡೆಯಾಚೆಯಿಂದ, "ಜಾಗ ಸಾಲದಿದ್ರ ಕೆಂಪ ವೈರಿನ ಮ್ಯಾಲೆ ಹಾಕ್ರಿ ಸಾಹೇಬ್ರ," ಎಂದರು. ಮೂರನೆಯ ದಿನ ಅಡುಗೆಮನೆಯಿಂದ ಆಫೀಸಿಗೆ ಟಪಾಲು ಬಂತು: 'ಅಂಗಿಯ ಕಾಲರಿನಲ್ಲಿ ಕೊಳೆ ಉಳಿದಿರುವುದು ಕಂಡುಬಂದಿರುತ್ತದೆ. ಏಕೆ ಎಂಬ ಬಗ್ಗೆ ಲಿಖಿತ ಸಮಜಾಯಿಷಿ ಸಲ್ಲಿಸುವುದು.'

ಹತ್ತನೆಯ ದಿನ ಅಮರಪ್ಪನವರ ಬಲಭುಜ ತಲೆ ಬಾಚಲು ಮೇಲೇಳಲಿಲ್ಲ. ಬಾಚಣಿಗೆ ಕೈಯಲ್ಲೇ ಹಿಡಿದು ಬಹಳ ಹೊತ್ತು ಕನ್ನಡಿಯ ಮುಂದೆ ನಿಂತರು. ಒಂಬತ್ತು ವರ್ಷ ಇದೇ ಕನ್ನಡಿಯ ಮುಂದೆ ಇನ್ನೊಬ್ಬರು ಹೀಗೇ ನಿಂತಿದ್ದರಲ್ಲವೇ ಎಂಬುದು ಆಗ ಹೊಳೆಯಿತು. ಹೋಗಿ ಆಫೀಸಿನಲ್ಲಿ ಕೂತು, ಒಳ್ಳೆಯ ಕಾಗದ ತೆಗೆದು ಅರ್ಜಿ ಬರೆದರು. ಮನೆಯ ಆರೋಗ್ಯದ ಹಿತದೃಷ್ಟಿಯಿಂದ ವಾಷಿಂಗ್ ಮಷೀನೊಂದು ತುರ್ತಾಗಿ ಅಗತ್ಯವಿದೆ, ಇನ್ವರ್ಟರು ತೆಗೆದ ಮೇಲೆ ಕರೆಂಟು ಧಾರಾಳ ಉಳಿಯುತ್ತಿದೆ, ಆದುದರಿಂದ ದಯವಿಟ್ಟು ಮಂಜೂರು ಮಾಡಬೇಕಾಗಿ ಪ್ರಾರ್ಥನೆ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಬಸವಣ್ಣೆಮ್ಮನವರ ಮುಂದೆ ಅದನ್ನು ಎರಡೂ ಕೈಯಿಂದ ಹಿಡಿದರು. ಅವರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಎರಡು ಸಲ ಓದಿದರು. ಕರಾರುಪತ್ರದ ಕೊನೆಯ ಕಲಮು ಇಬ್ಬರಿಗೂ ಬಾಯಿಪಾಠವಾಗಿತ್ತು. ಒಲೆಯ ಪಕ್ಕ ಮಲಗಿದ್ದ ಬೆಕ್ಕೂ ಒಂದು ಕಣ್ಣು ತೆರೆದು ತೀರ್ಪಿಗೆ ಕಾಯಿತು.

ಬಸವಣ್ಣೆಮ್ಮ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ, ಹಿಟ್ಟಿನ ಡಬ್ಬಿಯ ಕೆಳಗೆ ಸೇರಿಸಿ, ರೊಟ್ಟಿ ತಿರುವಿಹಾಕಿದರು.

"ಪರಿಶೀಲನೆಯೊಳಗ ಐತ್ರಿ."